ಚಿತ್ರದುರ್ಗ ಸೀಮೆಯ ಕುರಿಸಾಕಣೆ ಮತ್ತು ನಿದಾನಪರಿವರ್ಜನ

ಗೋವು, ಅಶ್ವ, ಗಜ ಈ ಮೂರರ ಲಕ್ಷಣ ಚಿಕಿತ್ಸೆಗಳನ್ನು ಕುರಿತು ಭರತಖಂಡದಲ್ಲಿ ವಿಪುಲವಾದ ವಾಙ್ಮಯವು ಬೆಳೆದಿರುವುದು ವಾಚಕರಿಗೆ ವಿದಿತವೇ ಇದೆ. ಪಾಲಕಾಪ್ಯನ ಹೆಸರಿನಲ್ಲಿ ಹಸ್ತ್ಯಾಯುರ್ವೇದವೂ ಶಾಲಿಹೋತ್ರನ ಹೆಸರಿನಲ್ಲಿ ಅಶ್ವಶಾಸ್ತ್ರವೂ ಪ್ರಸಿದ್ಧವಾಗಿವೆ. ಕನ್ನಡದಲ್ಲಿ ಚಾಲುಕ್ಯ ರಾಜಕುಮಾರನಾದ ಕೀರ್ತಿವರ್ಮನು ಹನ್ನೆರಡನೆಯ ಶತಮಾನದ ಆದಿಭಾಗದಲ್ಲಿ ಗೋವೈದ್ಯವನ್ನು ರಚಿಸಿದನು. ಅದಕ್ಕೂ ಮೊದಲೇ ಚಾವುಂಡರಾಯನ ಲೋಕೋಪಕಾರದಲ್ಲಿ ಪಶುಚಿಕಿತ್ಸೆಗೆ ಎಡೆ ದೊರೆತಿತ್ತು. ಕುರಿಗೆ ಈ ಭಾಗ್ಯವುಂಟಾಗಲಿಲ್ಲ. ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ಗೋವು, ನಾಯಿ, ಕೋಳಿ, ಆಮೆ, ಆಡು, ಕುದುರೆ, ಆನೆಗಳಿಗೆ ಒಂದೊಂದು ಲಕ್ಷಣಾಧ್ಯಾಯವು ಮೀಸಲಾಗಿದ್ದು, ಆಡಿಗೆ ಸಂದ ಗೌರವವು ಅದರ ಜೊತೆಯಲ್ಲಿಯೇ ಮೇಯುವ ಕುರಿಗೆ ಸಂದಿಲ್ಲ. ಮೂರನೆಯ ಸೋಮೇಶ್ವರನ ಮಾನಸೋಲ್ಲಾಸದಲ್ಲಿ ಟಗರು ಕಾಣಿಸಿಕೊಳ್ಳುವುದೇನೋ ಉಂಟು. ಆದರೆ ಅದು ಅರಸನ ವಿನೋದಕ್ಕಾಗಿ, ಕಾಳಗದ ಅಂಗಳದಲ್ಲಿ. ಗೋವೈದ್ಯದಂತೆ ವಿದ್ವಾಂಸರ ಬಾಯಲ್ಲಿ ನಿಂತ ಕುರಿವೈದ್ಯವೆಂಬ ಕೃತಿಯೊಂದಿಲ್ಲ.

ಗ್ರಂಥವಿಲ್ಲದ ಮಾತ್ರಕ್ಕೆ ವಿದ್ಯೆಯೂ ಇರಲಿಲ್ಲವೆಂದು ನಿರ್ಣಯಿಸುವುದು ಓದುಬಲ್ಲವರಿಗೆ ಸಹಜವಾಗಿ ಒದಗುವ ಪ್ರಮಾದ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಎಂಬ ನಾಲ್ಕು ತಾಲ್ಲೂಕುಗಳ ಬಯಲಿನಲ್ಲಿ ಶತಮಾನಗಳಿಂದ ಕುರಿಯನ್ನೇ ನಚ್ಚಿ ಬಾಳಿದ ಜನರಿದ್ದಾರೆ. ಅವರ ಕುರಿಗಳು ಬರವನ್ನು ಸಹಿಸುವುವು, ದೂರ ನಡೆಯುವುವು, ಔಷಧದ ಹಂಗು ಹೆಚ್ಚಾಗಿಲ್ಲದೆ ಬದುಕುವುವು ಎಂಬ ಖ್ಯಾತಿ ಪಡೆದಿವೆ. ಈ ಗಟ್ಟಿತನವು ಎಲ್ಲಿಂದ ಬಂದಿತು, ರಕ್ತದಿಂದಲೋ ಸಾಕುವ ಕ್ರಮದಿಂದಲೋ ಎಂಬುದು ಈ ಲೇಖನದ ಜಿಜ್ಞಾಸೆ. ಇದು ಕೇವಲ ಕುತೂಹಲದ ಪ್ರಶ್ನೆಯಲ್ಲ. ರಕ್ತದಿಂದ ಬಂದುದಾದರೆ ಕುರಿಯನ್ನು ಎಲ್ಲಿಗೆ ಒಯ್ದರೂ ಆ ಗುಣವು ಅದರೊಡನೆ ಹೋಗುವುದು. ಕ್ರಮದಿಂದ ಬಂದುದಾದರೆ, ಕ್ರಮವು ಕೆಟ್ಟ ದಿನ ಕುರಿಯೂ ಕೆಡುವುದು.

ಶಾಸ್ತ್ರಗ್ರಂಥಗಳಲ್ಲಿ ಕುರಿಯ ವಿಷಯ ಅಲ್ಲಲ್ಲಿ ಚದರಿಕೊಂಡಿದೆ. ಕೌಟಲ್ಯನ ಅರ್ಥಶಾಸ್ತ್ರವು ಮೈಸೂರಿನ ಓರಿಯೆಂಟಲ್ ಲೈಬ್ರರಿಯ ತಾಳೆಯೋಲೆಗಳಲ್ಲಿ ದೊರೆತು, ಆರ್. ಶಾಮಶಾಸ್ತ್ರಿಗಳ ಪರಿಶ್ರಮದಿಂದ ೧೯೦೯ರಲ್ಲಿ ಅಚ್ಚಾಯಿತಷ್ಟೆ. ಅದರ ಗೋಧ್ಯಕ್ಷಪ್ರಕರಣದಲ್ಲಿ ಆಡು ಕುರಿಗಳ ಉಣ್ಣೆಯನ್ನು ಆರು ತಿಂಗಳಿಗೊಮ್ಮೆ ತೆಗೆಯಿಸಬೇಕೆಂಬ ವಿಧಿಯಿದೆ. ಎಳೆಯವು, ಮುದಿಯವು, ರೋಗದವು ಇವನ್ನು ಕಾವಲುಗಾರರು ಪ್ರತ್ಯೇಕವಾಗಿ ನೋಡಿಕೊಳ್ಳಬೇಕೆಂದೂ, ಋತುವಿಗೆ ತಕ್ಕಂತೆ ಮೇವಿನ ನೆಲವನ್ನು ಬದಲಿಸಬೇಕೆಂದೂ, ಬೆದರುವ ಪಶುಗಳಿಗೆ ಗಂಟೆ ಕಟ್ಟಬೇಕೆಂದೂ ಅಲ್ಲಿಯೇ ಹೇಳಿದೆ. ವರ್ಷಕ್ಕೆ ಎರಡು ಸಲ ಉಣ್ಣೆ ಕತ್ತರಿಸುವ ಪದ್ಧತಿ ಕರ್ಣಾಟಕದ ಬಯಲುಸೀಮೆಯಲ್ಲಿ ಇಂದಿಗೂ ನಡೆದುಬಂದಿದೆ. ಪಾಣಿನಿಯು ಕಂಬಲಶಬ್ದದಿಂದ ಒಂದು ಸಂಜ್ಞಾಪದವನ್ನು ಸಾಧಿಸುತ್ತಾನೆ. ಆ ಕಂಬಲ್ಯವೆಂಬುದು ನೂರು ಪಲ ತೂಕದ ಉಣ್ಣೆಯೆಂದು ವ್ಯಾಖ್ಯಾನಕಾರರು ವಿವರಿಸುವರು. ಕಂಬಳಿಯೊಂದಕ್ಕೆ ಬೇಕಾದ ಉಣ್ಣೆಯೇ ತೂಕದ ಪರಿಮಾಣವಾಗಿ ನಿಂತಿತೆಂದರೆ, ವೈಯಾಕರಣನ ಕಾಲಕ್ಕೆ ಕುರಿಯ ಆದಾಯವು ಎಷ್ಟು ನಿಯತವಾಗಿತ್ತೆಂಬುದನ್ನು ಊಹಿಸಬಹುದು. ಇಷ್ಟಾದರೂ ಇವೆಲ್ಲ ಕರವಸೂಲಿಯ, ಅಳತೆಯ, ಆಡಳಿತದ ಮಾತುಗಳು. ಕುರಿಯು ರೋಗಕ್ಕೆ ಬೀಳದಂತೆ ಕಾಯುವ ಬಗೆಯನ್ನು ಹಟ್ಟಿಯಲ್ಲಿಯೇ ಹುಡುಕಬೇಕು.

ಈ ಸೀಮೆಯ ನೆಲವು ಕೆಂಪು ಮರಡಿ, ಕಪ್ಪು ಎರೆ, ಬೋಳುಗುಡ್ಡ, ಕುರುಚಲು ಕಾಡು ಇವುಗಳಿಂದ ಕೂಡಿದೆ. ಬಹುಭಾಗಕ್ಕೆ ವರ್ಷಕ್ಕೆ ಬೀಳುವ ಮಳೆ ಸುಮಾರು ೫೦೦ ರಿಂದ ೬೫೦ ಮಿಲಿಮೀಟರು. ಹೊಳಲ್ಕೆರೆಯ ಪಶ್ಚಿಮಭಾಗವು ಮಾತ್ರ ಸ್ವಲ್ಪ ತಂಪು. ಅಲ್ಲಿ ಕೆರೆಗಳೂ ಅಡಕೆಯ ತೋಟಗಳೂ ಕಾಣುವುವು. ವೇದಾವತಿಯು ಹೊಸದುರ್ಗದ ಸೀಮೆಯನ್ನು ಹಾದು ಹಿರಿಯೂರಿಗೆ ಇಳಿಯುತ್ತದೆ. ಮುಂಗಾರಿಗೂ ಹಿಂಗಾರಿಗೂ ನಡುವೆ ನೆಲವು ಪದೇ ಪದೇ ಒಣಗುವ ಈ ಪ್ರದೇಶವು ಬೇಸಾಯಕ್ಕೆ ಕಠಿಣವಾದರೂ ಕುರಿಗೆ ಅನುಕೂಲವಾದುದು. ಒಣನೆಲದಲ್ಲಿ ಹುಲ್ಲು ಕಡಿಮೆ, ಆದರೆ ರೋಗವೂ ಕಡಿಮೆ ಎಂಬ ತತ್ತ್ವವನ್ನು ಮುಂದೆ ವಿವರವಾಗಿ ಪರಿಶೀಲಿಸಬೇಕಾಗುವುದು.

ಇಲ್ಲಿ ಕುರಿ ಕಾಯುವವರಲ್ಲಿ ಕುರುಬರೂ ಕಾಡುಗೊಲ್ಲರೂ ಮುಖ್ಯರು. ಮ್ಯಾಸಬೇಡರು ವಿಶೇಷವಾಗಿ ದನಗಾಹಿಗಳು. ಮ್ಯಾಸ ಎಂಬ ಮಾತೇ ಮೇಯಿಸು ಎಂಬುದರಿಂದ ಬಂದಿರಬೇಕೆಂದು ಊಹಿಸುವವರುಂಟು. ಕಾಡುಗೊಲ್ಲರ ಹಟ್ಟಿಗಳು ಮುಳ್ಳುಬೇಲಿಯಿಂದ ಸುತ್ತುವರಿದವು; ಅವರು ಪೂಜಿಸುವ ಜುಂಜಪ್ಪನೂ ಎತ್ತಪ್ಪನೂ ಪಶುಪಾಲಕರಾದ ವೀರರೇ. ಕುರುಬ ಎಂಬ ಹೆಸರು ಕುರಿಯಿಂದ ಬಂದಿತೆಂಬುದು ಲೋಕಪ್ರಸಿದ್ಧವಾದ ವ್ಯುತ್ಪತ್ತಿಯಾದರೂ ವಿದ್ವಾಂಸರಲ್ಲಿ ಏಕಾಭಿಪ್ರಾಯವಿಲ್ಲ. ಕುರಿ ಎಂಬ ಪದವಂತೂ ದ್ರಾವಿಡದಲ್ಲಿ ಬಹು ಪ್ರಾಚೀನವಾದುದು. ತಮಿಳಿನ ಕೊರಿ, ತೆಲುಗಿನ ಗೊರ್ರೆಗಳು ಅದರ ಸೋದರರು. ಹಳಗನ್ನಡದ ತಗರ್ ಇಂದಿನ ಟಗರು ಆಗಿ ಉಳಿದಿದೆ. ಸಂಸ್ಕೃತದ ಮೇಷ, ಉರಭ್ರ, ಏಡಕ ಮೊದಲಾದವು ಕೋಶದಲ್ಲಿಯೂ ಕಾವ್ಯದಲ್ಲಿಯೂ ನಿಂತವೇ ಹೊರತು ರೊಪ್ಪದೊಳಗೆ ಕಾಲಿಡಲಿಲ್ಲ. ಕಂಬಳಿಯೊಂದೇ ಈ ಕಟ್ಟುಪಾಡನ್ನು ಮೀರಿ ಬಂದ ಶಬ್ದ.

ಕುರುಬರ ಉತ್ಪತ್ತಿಯ ಕಥೆಯೊಂದನ್ನು ಎಡ್ಗರ್ ಥರ್ಸ್ಟನ್ನನು ೧೯೦೯ರಲ್ಲಿ ಪ್ರಕಟವಾದ ತನ್ನ ಸಂಪುಟಗಳಲ್ಲಿ ಸಂಗ್ರಹಿಸಿದ್ದಾನೆ. ಅಣ್ಣತಮ್ಮಂದಿರಲ್ಲಿ ಕಿರಿಯನಾದ ಉಂಡಾಡಿ ಪದ್ಮಣ್ಣನು ನೇಗಿಲು ಹೂಡಿದಾಗ ಹುತ್ತದೊಳಗಿಂದ ಕುರಿಗಳು ಹೊರಬಿದ್ದುವು, ಅವನು ಹೆದರಿದನು, ಕಡೆಗೆ ದೈವಾಜ್ಞೆಯಿಂದ ಅವನ್ನು ಕಾಯುವವನಾದನು. ಇದನ್ನು ಚರಿತ್ರೆಯೆಂದು ಸ್ವೀಕರಿಸಬೇಕಾಗಿಲ್ಲ. ಆದರೆ ಕುರಿಯು ಕಾಡಿನಿಂದಲ್ಲ, ಉತ್ತ ನೆಲದಿಂದ ಎದ್ದುಬಂದಿತೆಂದು ಕಥೆಗಾರನು ಕಲ್ಪಿಸಿರುವುದು ಗಮನಾರ್ಹ. ಕುರಿಗೂ ಹೊಲಕ್ಕೂ ಇರುವ ಕೊಳುಕೊಡೆಯು ಈ ಸೀಮೆಯ ಪಶುಪಾಲನೆಯ ಜೀವಾಳವೆಂಬುದು ಮುಂದಿನ ವಿವರಗಳಿಂದ ಸ್ಪಷ್ಟವಾಗುವುದು.

ಸುಗ್ಗಿ ಮುಗಿದ ಮೇಲೆ ರೈತನು ಕುರಿಯವರನ್ನು ಕರೆಯಿಸಿ ತನ್ನ ಹೊಲದಲ್ಲಿ ಕುರಿ ತರುಬಿಸುವನು. ರಾತ್ರಿಯೆಲ್ಲ ಮಂದೆಯು ಅಲ್ಲಿ ನಿಂತು ಹಿಕ್ಕೆ ಗಂಜಲಗಳಿಂದ ನೆಲವನ್ನು ಪುಷ್ಟಿಗೊಳಿಸುವುದು. ಅದಕ್ಕೆ ಪ್ರತಿಯಾಗಿ ಕುರಿಯವನಿಗೆ ಕಾಳು, ಇತ್ತೀಚೆಗೆ ಹಣ ಸಲ್ಲುವುದು. ಒಂದು ಹೊಲದಲ್ಲಿ ಕೆಲವು ರಾತ್ರಿ, ಮತ್ತೊಂದರಲ್ಲಿ ಕೆಲವು ರಾತ್ರಿ ಎಂದು ರೊಪ್ಪವು ಸಾಗುತ್ತಲೇ ಇರುವುದು. ಬೇಸಿಗೆಯಲ್ಲಿ ಮೇವು ನೀರುಗಳು ಬತ್ತಿದಾಗ ಹಿರಿಯೂರು ಚಿತ್ರದುರ್ಗಗಳ ಮಂದೆಗಳು ಪಶ್ಚಿಮಾಭಿಮುಖವಾಗಿ ಹೊಳಲ್ಕೆರೆಯನ್ನು ದಾಟಿ ಭದ್ರೆಯ ನೀರಾವರಿಯ ಕೊಯ್ದ ಗದ್ದೆಗಳತ್ತಲೂ ಮಲೆನಾಡಿನ ಅಂಚಿನತ್ತಲೂ ತೆರಳುವುವು; ಮುಂಗಾರು ಹಿಡಿಯುವ ಹೊತ್ತಿಗೆ ಹಿಂದಿರುಗುವುವು. ಭದ್ರೆಯ ಕಾಲುವೆಗಳು ಇಪ್ಪತ್ತನೆಯ ಶತಮಾನದವು. ದಾರಿಯ ಅಭ್ಯಾಸ ಮಾತ್ರ ಹಳೆಯದು. ಹೀಗೆ ಹಿಂದಿರುಗುವುದರಲ್ಲಿ ಒಂದು ಮರ್ಮವಿದೆ. ಜೌಗಿನಲ್ಲಿ ವಾಸಿಸುವ ಬಸವನಹುಳುಗಳ ಮೂಲಕ ಯಕೃತ್ತಿಗೆ ಎಲೆಹುಳು ಸೇರುವುದೆಂದು ಇಂದಿನ ಶಾಸ್ತ್ರವು ತಿಳಿಸಿದೆ. ಮಳೆ ಹಿಡಿದ ಗದ್ದೆಯಲ್ಲಿ ಕುರಿ ನಿಲ್ಲಬಾರದೆಂಬ ಕುರಿಯವನ ನಿಯಮಕ್ಕೆ ಈ ಕಾರಣವು ತಿಳಿದಿರಲಿಲ್ಲ. ನಿಯಮ ಮಾತ್ರ ತಪ್ಪಿಲ್ಲ.

ದಿನಚರ್ಯೆಯೂ ಇದೇ ರೀತಿಯಾದುದು. ಬೆಳಗ್ಗೆ ಇಬ್ಬನಿ ಆರುವವರೆಗೆ ಮಂದೆಯನ್ನು ಮೇವಿಗೆ ಬಿಡುವುದಿಲ್ಲ. ಕುರಿಯ ಜಠರದಲ್ಲಿ ರಕ್ತ ಹೀರುವ ಹುಳುವಿನ ಮೊಟ್ಟೆಗಳು ಹಿಕ್ಕೆಯೊಡನೆ ನೆಲಕ್ಕೆ ಬಿದ್ದು, ತೇವ ಶಾಖಗಳು ಒದಗಿದರೆ ಸುಮಾರು ಒಂದು ವಾರದಲ್ಲಿ ಸೋಂಕಿಸಬಲ್ಲ ಮರಿಗಳಾಗಿ, ಒದ್ದೆಯ ಹುಲ್ಲಿನೆಸಳನ್ನೇರಿ ಕಾದಿರುವುವು. ಹುಲ್ಲು ಒಣಗಿದಂತೆ ಅವು ಕೆಳಗಿಳಿಯುವುವು. ಬಿಸಿಲು ಬಲವಾದರೆ ನೆಲದಲ್ಲಿಯೇ ನಾಶವಾಗುವುವು. ಕೆಲವೇ ರಾತ್ರಿಗಳಿಗೊಮ್ಮೆ ರೊಪ್ಪವನ್ನು ಕಿತ್ತು ಬೇರೆ ಹೊಲಕ್ಕೆ ಹೋಗುವ ಮಂದೆಯು, ತಾನು ಬಿಟ್ಟುಬಂದ ಹುಳುಗಳು ಸೋಂಕಿಸಲು ಸಮರ್ಥವಾಗುವ ವೇಳೆಗೆ ಆ ನೆಲದಲ್ಲಿರುವುದಿಲ್ಲ. ಇದಲ್ಲದೆ ಹುಳುಗಳು ಹುಲ್ಲಿನ ಬುಡದ ಕೆಲವು ಅಂಗುಲಗಳಲ್ಲಿಯೇ ಹೆಚ್ಚಾಗಿರುವುದರಿಂದ, ಜಾಲಿ, ಬನ್ನಿ, ಎಲಚಿ, ಕಮರಗಳ ಸೊಪ್ಪು ಕಾಯಿಗಳನ್ನು ಕೆಡವಿಸಿಕೊಂಡೂ ನಿಗುರಿಕೊಂಡೂ ತಿನ್ನುವ ಕುರಿಗೆ ಸೋಂಕು ಕಡಿಮೆ. ಕುರಿಯವನ ಕೈಯಲ್ಲಿರುವ ಉದ್ದನೆಯ ದೋಟಿಯು ಈ ದೃಷ್ಟಿಯಿಂದ ನೋಡಿದರೆ ಒಂದು ವೈದ್ಯೋಪಕರಣವೇ ಸರಿ.

ಇಲ್ಲಿ ಚರಕಸಂಹಿತೆಯ ವಿಮಾನಸ್ಥಾನವು ನೆನಪಿಗೆ ಬಾರದಿರದು. ಅದರ ಏಳನೆಯದಾದ ವ್ಯಾಧಿತರೂಪೀಯಾಧ್ಯಾಯದಲ್ಲಿ ಕ್ರಿಮಿರೋಗಕ್ಕೆ ಮೂರು ಬಗೆಯ ಉಪಕ್ರಮವನ್ನು ಹೇಳಿದೆ: ಕ್ರಿಮಿಗಳನ್ನು ಹೊರಗೆ ತೆಗೆಯುವ ಅಪಕರ್ಷಣ, ಅವು ಬೆಳೆಯುವುದಕ್ಕೆ ಅನುಕೂಲವಾದ ಪ್ರಕೃತಿಯನ್ನು ಕೆಡಿಸುವ ಪ್ರಕೃತಿವಿಘಾತ, ಮತ್ತು ಕಾರಣವಾದುದನ್ನು ಸೇವಿಸದೆ ದೂರವಿಡುವ ನಿದಾನಪರಿವರ್ಜನ. ಔಷಧವು ಮುಖ್ಯವಾಗಿ ಮೊದಲನೆಯದಕ್ಕೆ ಸೇರಿದುದು. ಪ್ರಕೃತಿವಿಘಾತಕ್ಕೆ ಕಟು ತಿಕ್ತ ಕಷಾಯ ರಸಗಳು ವಿಹಿತವಾಗಿವೆ. ಜಾಲಿಯ ಕಾಯಿ ಕಷಾಯರಸ ಪ್ರಧಾನವಾದುದು, ಎಂದರೆ ಒಗರು. ಒಗರಿನ ಸತ್ತ್ವವಾದ ಟ್ಯಾನಿನ್ನು ಹೊಟ್ಟೆಯ ಹುಳುಗಳ ಬಲವನ್ನು ಕುಗ್ಗಿಸಬಲ್ಲುದೆಂದು ಈಚಿನ ಪ್ರಯೋಗಗಳು ಹಲವು ದೇಶಗಳಲ್ಲಿ ತೋರಿಸಿವೆ. ಮೂರನೆಯದಾದ ನಿದಾನಪರಿವರ್ಜನವನ್ನು ಸುಶ್ರುತನು ಚಿಕಿತ್ಸೆಯ ಸಂಕ್ಷೇಪವೆಂದೇ ಗಣಿಸುತ್ತಾನೆ. ಇಬ್ಬನಿ ಆರುವವರೆಗೆ ಕಾಯುವುದು, ರೊಪ್ಪವನ್ನು ಸಾಗಿಸುವುದು, ಮಳೆಗೆ ಮುನ್ನ ಗದ್ದೆಯನ್ನು ಬಿಡುವುದು ಇವೆಲ್ಲವೂ ಅದರ ಉದಾಹರಣೆಗಳು.

ಆದರೆ ಇಲ್ಲಿ ಎಚ್ಚರಿಕೆಯು ಅವಶ್ಯಕ. ಕುರಿಯವನ ಆಚಾರವು ಚರಕನಿಂದ ಹುಟ್ಟಿತೆಂದಾಗಲಿ, ಚರಕನ ವಾಕ್ಯವು ಕುರಿಗಾಗಿ ಹೇಳಿದುದೆಂದಾಗಲಿ ವಾದಿಸುವುದು ಅಯುಕ್ತ. ಎಲ್ಲ ದೇಶೀಯ ಆಚಾರವನ್ನೂ ಯಾವುದಾದರೊಂದು ಸೂತ್ರಕ್ಕೆ ಕಟ್ಟಿಹಾಕದೆ ತೃಪ್ತರಾಗದ ಪಂಡಿತರ ಅಭ್ಯಾಸದಿಂದ ಆಚಾರಕ್ಕೂ ಸೂತ್ರಕ್ಕೂ ಅನ್ಯಾಯವಾಗಿದೆ. ಎರಡೂ ಬೇರೆ ಬೇರೆ ದಾರಿಗಳಿಂದ ಹೊರಟು ಒಂದೇ ನೆಲೆಯನ್ನು ಮುಟ್ಟಿರುವುದೇ ಇಲ್ಲಿನ ಸ್ವಾರಸ್ಯ. ಕುರಿಯವರಲ್ಲಿ ಔಷಧವೇ ಇರಲಿಲ್ಲವೆಂದೂ ಭಾವಿಸಕೂಡದು. ಗಾಯಕ್ಕೂ ಕಜ್ಜಿಗೂ ಹೊಂಗೆಯೆಣ್ಣೆ, ಹೊಟ್ಟೆಯ ಹುಳುವಿಗೆ ಬೇವು ಮತ್ತು ಮುತ್ತುಗದ ಬೀಜ, ಕೆಲವು ಬೇನೆಗಳಿಗೆ ಬರೆ ಹಾಕುವುದು ಇವು ಬಳಕೆಯಲ್ಲಿದ್ದುವು. ಮುತ್ತುಗದ ಬೀಜವು ಆಯುರ್ವೇದದಲ್ಲಿಯೂ ಕ್ರಿಮಿಘ್ನವೆಂದು ಹೆಸರಾದುದೇ. ಬರೆಯ ವಿಷಯದಲ್ಲಿ ಮಾತ್ರ ಹೊಗಳುವುದಕ್ಕೆ ಏನೂ ಇಲ್ಲ. ಎಷ್ಟೋ ಕುರಿಗಳು ಬೇನೆಯ ಜೊತೆಗೆ ಸುಟ್ಟಗಾಯವನ್ನೂ ಅನುಭವಿಸಿರಬೇಕು.

ಕ್ರಮದೊಡನೆ ಆಯ್ಕೆಯೂ ಸೇರಿತ್ತು. ಈ ಸೀಮೆಯ ಕುರಿಯು ದಖ್ಖಣಿ ಕುರಿಯ ಬಳಗಕ್ಕೆ ಸೇರಿದ, ಬಳ್ಳಾರಿ ತಳಿಯೆಂದು ಹೆಸರಾದ ಜಾತಿ. ಬಳ್ಳಾರಿ, ದಾವಣಗೆರೆ, ಹಾವೇರಿ, ಚಿತ್ರದುರ್ಗ ಜಿಲ್ಲೆಗಳಲ್ಲಿ ಹರಡಿದೆ. ಬಣ್ಣ ಬಿಳಿ, ಕಪ್ಪು, ಅವೆರಡರ ಮಿಶ್ರಣ, ಉಣ್ಣೆ ಒರಟು. ಹಿಂಡಿನಲ್ಲಿ ಹುಟ್ಟಿದ ಗಂಡುಮರಿಗಳಲ್ಲಿ ಹೆಚ್ಚಿನವು ಮಾರಾಟಕ್ಕೆ ಹೋಗುವುವು. ಒಂದೋ ಎರಡೋ ಬೀಜದ ಟಗರಾಗಿ ಉಳಿಯುವುವು. ಅದನ್ನು ಆರಿಸುವಾಗ ಮರಿಯ ಮೈಕಟ್ಟಿನೊಡನೆ ತಾಯಿಯ ಹಾಲು, ನಡಿಗೆ, ಕಂಬಳಿಗೆ ಒಪ್ಪುವ ಬಣ್ಣ ಇವನ್ನೂ ನೋಡುವುದುಂಟು. ನಡೆಯಲಾರದ ಕುರಿಗೆ ಸಂಚಾರದ ಹಿಂಡಿನಲ್ಲಿ ಸ್ಥಾನವಿಲ್ಲ. ಮುಂಗಾರಿನ ಹಸುರು ಮೇದ ಹೆಣ್ಣುಕುರಿಗೆ ಟಗರು ಸೇರಿದರೆ ಐದು ತಿಂಗಳ ಮೇಲೆ, ಕಟಾವಿನ ಹೊಲಗಳು ತೆರೆಯುವ ಸುಮಾರಿಗೆ ಮರಿಯಾಗುವುದು.

ಮನುಷ್ಯನು ಮಾಡಿದ ಆಯ್ಕೆಗಿಂತ ಕ್ಷಾಮವು ಮಾಡಿದ ಆಯ್ಕೆ ಕಠೋರವಾದುದು. ೧೮೭೬–೭೮ರ ಮಹಾಕ್ಷಾಮದಲ್ಲಿ ಮೈಸೂರು ಸಂಸ್ಥಾನವು ಸುಮಾರು ೧೦ ಲಕ್ಷ ಜನರನ್ನು ಕಳೆದುಕೊಂಡಿತು; ದನಕುರಿಗಳ ಸಾವಿಗೆ ಮಿತಿಯಿರಲಿಲ್ಲ. ಉಳಿದ ಕುರಿಗಳ ಸಂತತಿಯೇ ಇಂದಿನದು. ಬರವನ್ನು ಸಹಿಸುವ ಗುಣವನ್ನು ಕೊಂಡಾಡುವವರು, ಅದನ್ನು ಎಂಥ ಬೆಲೆ ತೆತ್ತು ಕೊಳ್ಳಲಾಯಿತೆಂಬುದನ್ನು ಮರೆಯಬಾರದು.

ಇನ್ನು ಈ ಕುರಿಯನ್ನು ಉತ್ತಮಪಡಿಸಲು ಹೊರಗಿನವರು ಕೈಕೊಂಡ ಉದ್ಯಮಗಳ ವಿಚಾರ. ಫ್ರಾನ್ಸಿಸ್ ಬುಕಾನನ್ನನು ೧೮೦೧ರಲ್ಲಿ ನಗರದಿಂದ ಹೊರಟು ಹರಿಹರ, ದಾವಣಗೆರೆ, ಚಿತ್ರದುರ್ಗಗಳ ಮಾರ್ಗವಾಗಿ ಹಿರಿಯೂರನ್ನು ಸೇರಿದನು. ದಾರಿಯಲ್ಲಿ ಕುರುಬರ ಕಂಬಳಿ ನೇಯ್ಗೆಯನ್ನು ಗಮನಿಸಿದನು. ಒರಟು ಉಣ್ಣೆಯನ್ನು ನೂತು, ಹುಣಸೆಬೀಜದ ಸರಿ ಹಚ್ಚಿ ನೇಯ್ದ ಕರಿಯ ಕಂಬಳಿಯು ಮಳೆಗೆ ಕೊಪ್ಪೆ, ರಾತ್ರಿಗೆ ಹಾಸಿಗೆ, ಪೂಜೆಗೆ ಗದ್ದುಗೆ. ಆದರೆ ಆಂಗ್ಲರ ಮಗ್ಗಗಳಿಗೆ ಬೇಕಾದುದು ನಯವಾದ ಉಣ್ಣೆ. ೧೮೩೪ರಿಂದ ೧೮೬೧ರವರೆಗೆ ಮೈಸೂರಿನ ಕಮಿಷನರಾಗಿದ್ದ ಮಾರ್ಕ್ ಕಬ್ಬನ್ನನು ಮೆರಿನೋ ಟಗರುಗಳನ್ನು ತರಿಸಿ ನಾಡಕುರಿಯೊಡನೆ ಬೆರೆಸುವ ಪ್ರಯತ್ನ ಮಾಡಿದನು. ೧೯೭೦ರ ದಶಕದಲ್ಲಿ ಮೆರಿನೋ ಮತ್ತು ರಾಂಬುಯೇ ಟಗರುಗಳಿಂದ ದಖ್ಖಣಿ ಕುರಿಯನ್ನು ಸಂಕರಗೊಳಿಸುವ ಕಾರ್ಯವು ಮಹಾರಾಷ್ಟ್ರದ ರಾಹುರಿಯಲ್ಲಿ ದೊಡ್ಡ ಪ್ರಮಾಣದಲ್ಲಿ ನಡೆಯಿತು. ಇವುಗಳಿಂದ ಚಿತ್ರದುರ್ಗದ ಹಟ್ಟಿಗಳ ಕುರಿಯು ಬದಲಾಗಲಿಲ್ಲ. ಕುರಿಯವನ ಹಟವೇ ಇದಕ್ಕೆ ಕಾರಣವೆಂದು ಅಧಿಕಾರಿಗಳು ಹೇಳುವುದು ಸುಲಭ. ನೀಲಿನಾಲಿಗೆ ರೋಗದ ಚರಿತ್ರೆಯನ್ನು ಬಲ್ಲವರು ಹಾಗೆ ಹೇಳಲಾರರು. ಆ ರೋಗವು ಶಾಸ್ತ್ರಜ್ಞರ ಕಣ್ಣಿಗೆ ಬಿದ್ದುದು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ, ದಕ್ಷಿಣ ಆಫ್ರಿಕಕ್ಕೆ ಒಯ್ದ ಮೆರಿನೋ ಕುರಿಗಳು ನುಸಿಗ ಕಚ್ಚಿ ಸಾಯತೊಡಗಿದಾಗ. ಅಲ್ಲಿಯ ನಾಡಕುರಿಗಳು ಅಷ್ಟಾಗಿ ನರಳಲಿಲ್ಲ.

ಇದರಿಂದ ಗಟ್ಟಿತನವೆಲ್ಲ ನಾಡತಳಿಯ ರಕ್ತದಲ್ಲಿಯೇ ಇದೆಯೆಂಬ ಪಕ್ಷವು ಸಿದ್ಧವಾಯಿತೆಂದು ತೋರಬಹುದು. ಆದರೆ ಅದಕ್ಕೆ ಬಾಧಕವಾದ ಪ್ರಮಾಣವು ಮಹಾರಾಷ್ಟ್ರದ ಫಲಟಣದಲ್ಲಿ ದೊರೆತಿದೆ. ಅಲ್ಲಿಯ ನಿಂಬಕರ ಸಂಶೋಧನ ಸಂಸ್ಥೆಯವರು ದಖ್ಖಣಿ ಮತ್ತು ಬನ್ನೂರು ಕುರಿಗಳನ್ನು ಬಂಗಾಳದ ಸುಂದರಬನದ ಗಾರೋಲ್ ಎಂಬ ಗಿಡ್ಡಕುರಿಯೊಡನೆ ಬೆರೆಸಿ, ಹುಟ್ಟಿದ ಮರಿಗಳ ಹೊಟ್ಟೆಹುಳುವಿನ ಪ್ರಮಾಣವನ್ನು ಎಣಿಸಿ ನೋಡಿದರು. ಗಾರೋಲಿನ ರಕ್ತವಿದ್ದ ಮರಿಗಳಲ್ಲಿ ಹುಳು ಕಡಿಮೆ; ಶುದ್ಧ ದಖ್ಖಣಿಯಲ್ಲಿ ಹೆಚ್ಚು. ಗಾರೋಲ್ ಜೌಗುನೆಲದ ಕುರಿ. ತಲೆತಲಾಂತರದಿಂದ ಹುಳುವಿನೊಡನೆ ಸೆಣಸಿ ಅದನ್ನು ಗೆಲ್ಲುವ ಶಕ್ತಿಯನ್ನು ಮೈಯಲ್ಲಿ ಗಳಿಸಿಕೊಂಡಿದೆ. ಕೆನ್ಯಾದೇಶದ ಕೆಂಪು ಮಸಾಯಿ ಕುರಿಯೂ ಇಂಥದೇ. ಒಣನೆಲದ ದಖ್ಖಣಿಗೆ ಆ ಸೆಣಸಾಟವೇ ಅಷ್ಟಾಗಿ ಒದಗಲಿಲ್ಲ. ಅದರ ಕಾವಲುಗಾರನು ಹುಳುವಿನ ದಾರಿಯಿಂದ ಅದನ್ನು ತಪ್ಪಿಸಿ ನಡೆಸುತ್ತ ಬಂದನು. ಬಿಸಿಲು, ಹಸಿವು, ದೂರ ಇವನ್ನು ತಾಳುವ ಗುಣ ಕುರಿಯ ಮೈಯದು. ಹುಳುವಿನಿಂದ ಪಾರಾಗುವ ಗುಣದಲ್ಲಿ ಬಹುಭಾಗವು ಕುರಿಯವನ ನಡೆಯದು. ಮೊದಲು ಎತ್ತಿದ ಪ್ರಶ್ನೆಗೆ ಉತ್ತರವು ಇಲ್ಲಿದೆ.

ನಡೆಯಿಂದ ಎಲ್ಲ ರೋಗವೂ ದೂರವಾಗುವುದೆಂದು ಈ ಮಾತಿಗೆ ಅರ್ಥವಲ್ಲ. ಕುರಿಸಿಡುಬು, ಕರುಳುಬೇನೆ, ಹಿರೇಬೇನೆ ಇವು ಬಂದು ಹಿಂಡುಗಳನ್ನೇ ಒರಸಿಹಾಕಿದಾಗ ಕುರಿಯವನಲ್ಲಿ ದೇವರ ಹರಕೆಯ ಹೊರತು ಬೇರೆ ಉಪಾಯವಿರಲಿಲ್ಲ. ಇಂಥ ಸಮಯದಲ್ಲಿ ಸಂಚಾರವೇ ರೋಗವನ್ನು ಸೀಮೆಯಿಂದ ಸೀಮೆಗೆ ಹೊತ್ತೊಯ್ಯುವುದು. ಮೈಸೂರು ಸರ್ಕಾರವು ೧೯೨೦ರ ದಶಕದಲ್ಲಿ ಬೆಂಗಳೂರಿನ ಹೆಬ್ಬಾಳದಲ್ಲಿ ಸೀರಂ ಸಂಸ್ಥೆಯನ್ನು ಸ್ಥಾಪಿಸಿದುದು ದನಗಳ ದೊಡ್ಡರೋಗವನ್ನು ಎದುರಿಸಲು. ಆ ರೋಗದಿಂದ ಭಾರತವು ಮುಕ್ತವಾಯಿತೆಂದು ೨೦೦೬ರಲ್ಲಿಯೂ, ಲೋಕವೇ ಮುಕ್ತವಾಯಿತೆಂದು ೨೦೧೧ರಲ್ಲಿಯೂ ಘೋಷಣೆಯಾಯಿತು; ಇದು ಲಸಿಕೆಯ ಸಾಧನೆ, ಯಾವ ಹಟ್ಟಿಯ ಆಚಾರದಿಂದಲೂ ಸಾಧ್ಯವಾಗತಕ್ಕದ್ದಲ್ಲ. ಕುರಿ ಆಡುಗಳ ಹಿರೇಬೇನೆಯು ಭಾರತದಲ್ಲಿ ಮೊದಲು ಗುರುತಿಗೆ ಬಂದುದು ೧೯೮೭ರಲ್ಲಿ, ತಮಿಳುನಾಡಿನಲ್ಲಿ. ಅದಕ್ಕೂ ಈಗ ದೇಶೀಯ ಲಸಿಕೆಯಿದೆ. ನೀಲಿನಾಲಿಗೆಯು ೧೯೬೪ರಲ್ಲಿ ಮಹಾರಾಷ್ಟ್ರದಲ್ಲಿ ಕಂಡುಬಂದ ಮೇಲೆ ದಕ್ಷಿಣದ ನಾಡಕುರಿಗಳನ್ನೂ ಬಿಡಲಿಲ್ಲ. ಒಳ್ಳೆಯ ಮಳೆಯ ವರ್ಷಗಳಲ್ಲಿ ಬಹಳ ಕುರಿಗಳನ್ನು ಬಲಿತೆಗೆದುಕೊಂಡಿದೆ. ಆದಕಾರಣ ಲಸಿಕೆಯನ್ನೂ ಹುಳುವಿನ ಔಷಧವನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ವಿವೇಕವಲ್ಲ.

ಹುಳುವಿನ ಔಷಧದ ಕಥೆ ಬೇರೆ. ಥಯಾಬೆಂಡಜೋಲ್ ಎಂಬ ಪ್ರಬಲವಾದ ಔಷಧವು ೧೯೬೧ರಲ್ಲಿ ಪ್ರಚಾರಕ್ಕೆ ಬಂದಿತು. ಅದಕ್ಕೆ ಜಗ್ಗದ ಹುಳುಗಳು ಹುಟ್ಟಿಕೊಂಡುವೆಂಬ ವರದಿ ಮೂರೇ ವರ್ಷಗಳಲ್ಲಿ, ೧೯೬೪ರಲ್ಲಿ ಅಮೆರಿಕದಿಂದ ಹೊರಬಿದ್ದಿತು. ಅನಂತರ ಬಂದ ಔಷಧಗಳಿಗೂ ಇದೇ ಗತಿಯಾಯಿತು. ಹಿಂಡಿಗೆಲ್ಲ ಒಂದೇ ಸಲ, ಪದೇ ಪದೇ ಔಷಧ ಕುಡಿಸಿದರೆ ಸಾಯುವುದು ದುರ್ಬಲವಾದ ಹುಳು. ಉಳಿದು ಸಂತಾನವನ್ನು ಬೆಳೆಸುವುದು ಪ್ರಬಲವಾದುದು. ಇದನ್ನರಿತು ದಕ್ಷಿಣ ಆಫ್ರಿಕದ ವೈದ್ಯರು ೧೯೯೦ರ ದಶಕದಲ್ಲಿ ಕುರಿಯ ಕೆಳರೆಪ್ಪೆಯ ಒಳಬಣ್ಣವನ್ನು ನೋಡಿ, ರಕ್ತಹೀನವಾಗಿ ಬಿಳಿಚಿಕೊಂಡವಕ್ಕೆ ಮಾತ್ರ ಔಷಧ ಕೊಡುವ ಪದ್ಧತಿಯನ್ನು ರೂಢಿಸಿದರು. ಒಂದೊಂದು ಕುರಿಯನ್ನೂ ಕೈಯಿಂದ ಹಿಡಿದು ಕಣ್ಣಿಟ್ಟು ನೋಡುವುದೇ ಇದರ ಸಾರ. ತನ್ನ ಹಿಂಡಿನ ಪ್ರತಿಯೊಂದು ಕುರಿಯನ್ನೂ ಮುಖದಿಂದ ಗುರುತಿಸುವ ಹಿರಿಯೂರಿನ ಗೊಲ್ಲನಿಗೆ ಇದು ಕಠಿಣವಾದ ಪಾಠವಲ್ಲ.

ಆದರೆ ಅವನ ಕಷ್ಟವು ಬೇರೆಡೆಯಿಂದ ಬಂದಿದೆ. ನಡೆಯೇ ಔಷಧವಾದ ಮೇಲೆ ನಡೆಯುವುದಕ್ಕೆ ನೆಲ ಬೇಕು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಬೆಣ್ಣೆಚಾವಡಿಯೆಂದು ಏರ್ಪಟ್ಟು, ಟಿಪ್ಪುವಿನ ಕಾಲದಲ್ಲಿ ಅಮೃತಮಹಲೆಂದು ಹೆಸರು ಪಡೆದ ಇಲಾಖೆಗೆ ಸೇರಿದ ಕಾವಲುಗಳು ಈ ಸೀಮೆಯಲ್ಲಿ ವಿಸ್ತಾರವಾಗಿದ್ದುವು. ಅವನ್ನು ಬೇಸಿಗೆಯವು, ಮಳೆಗಾಲದವು, ಚಳಿಗಾಲದವು ಎಂದು ವಿಂಗಡಿಸಿದ್ದರು. ಏರ್ಪಾಟು ಸರ್ಕಾರದ ದನಗಳಿಗಾಗಿ ಆದುದಾದರೂ, ಋತುವಿಗೊಂದು ನೆಲವೆಂಬ ತತ್ತ್ವವು ಕುರಿಯವನದೇ. ಹುಲ್ಲುಬನ್ನಿಯೆಂಬ ಮೇವಿನ ತೆರಿಗೆ ಕಂದಾಯದ ಕಾಗದಗಳಲ್ಲಿ ಕಾಣುವುದರಿಂದ, ಹುಲ್ಲುನೆಲವನ್ನು ಹಿಂದಿನ ಆಳರಸರು ಪಾಳುಭೂಮಿಯೆಂದು ಎಣಿಸಲಿಲ್ಲವೆಂದು ಸ್ಪಷ್ಟವಾಗುತ್ತದೆ. ಪಾಳೆಂಬ ಭಾವನೆ ಈಚಿನದು. ೧೮೯೮ರಲ್ಲಿ ಮೊದಲಾಗಿ ೧೯೦೭ರಲ್ಲಿ ಮುಗಿದ ಮಾರಿಕಣಿವೆಯ ಅಣೆಕಟ್ಟು, ವಾಣೀವಿಲಾಸಸಾಗರವೆಂಬ ಹೆಸರಿನಿಂದ, ಹಿರಿಯೂರಿನ ಕೆಲವು ಹಳ್ಳಿಗಳಿಗೆ ನೀರಾವರಿಯ ಸಂಪತ್ತನ್ನು ತಂದಿತು. ಒಣಹೊಲವು ತೋಟವಾದಲ್ಲಿ ಕುರಿಗೆ ಪ್ರವೇಶ ತಪ್ಪಿತು. ಕೊಳವೆಬಾವಿಗಳು ಬಂದ ಮೇಲೆ ಹೊಸದುರ್ಗ ಹೊಳಲ್ಕೆರೆಗಳ ಒಣಭೂಮಿಯಲ್ಲಿಯೂ ತೆಂಗು, ಅಡಕೆ, ದಾಳಿಂಬೆಗಳು ಬೇಲಿ ಹಾಕಿಸಿಕೊಂಡು ನಿಂತುವು.

ಹಿರಿಯೂರು ಚಿತ್ರದುರ್ಗಗಳಿಗೆ ಹೊಂದಿಕೊಂಡ ಚಳ್ಳಕೆರೆ ತಾಲ್ಲೂಕಿನಲ್ಲಿ ಸುಮಾರು ೧೦,೦೦೦ ಎಕರೆಯಷ್ಟು ಅಮೃತಮಹಲ್ ಕಾವಲು ೨೦೦೮ರಿಂದ ಈಚೆಗೆ ರಕ್ಷಣೆ, ಅಣುಶಕ್ತಿ, ವ್ಯೋಮ ಮತ್ತು ವಿಜ್ಞಾನದ ಸಂಸ್ಥೆಗಳಿಗೆ ಹಂಚಿಕೆಯಾಯಿತು. ಸುತ್ತಲಿನ ಹಳ್ಳಿಗಳ ಕುರಿಯವರೂ ಕಂಬಳಿ ನೇಯುವವರೂ ಪ್ರತಿಭಟಿಸಿದರು; ವ್ಯಾಜ್ಯವು ರಾಷ್ಟ್ರೀಯ ಹಸಿರು ನ್ಯಾಯಮಂಡಲಿಯ ಮುಂದೆ ಹೋಯಿತು. ದೇಶರಕ್ಷಣೆಯ ಅವಶ್ಯಕತೆಯನ್ನು ಅಲ್ಲಗಳೆಯುವುದು ಚರಿತ್ರೆಕಾರನ ಕೆಲಸವಲ್ಲ. ಗೋಡೆ ಕಟ್ಟಿದ ನೆಲವು ಖಾಲಿಯಾಗಿತ್ತೆಂದು ಬರೆದರೆ ಮಾತ್ರ ಚರಿತ್ರೆಗೆ ದ್ರೋಹವಾಗುವುದು.

ಇದರ ಪರಿಣಾಮವು ಕುರಿಯ ಮೈಮೇಲೆ ಕಾಣುತ್ತಿದೆ. ಮೇವಿನ ನೆಲ ಕಿರಿದಾದಂತೆ ಹಿಂಡುಗಳು ಒಂದೇ ಸ್ಥಳಕ್ಕೆ ಮತ್ತೆ ಮತ್ತೆ ಮರಳುವುವು. ಹಿಂದೆ ಬಿಟ್ಟುಬಂದ ಹುಳುವು ಅಲ್ಲಿ ಕಾದಿರುವುದು. ಆಗ ಔಷಧದ ಅಂಗಡಿಗೆ ಹೋಗದೆ ಗತ್ಯಂತರವಿಲ್ಲ. ರೊಪ್ಪದ ಮುಳ್ಳಿಗೆ ಬದಲಾಗಿ ನೂಲಿನ ಬಲೆ ಬಂದಿರುವುದರಿಂದ ರೊಪ್ಪವನ್ನು ಸಾಗಿಸುವುದು ಮೊದಲಿಗಿಂತ ಸುಲಭವಾಗಿದೆ. ಸಾಗಿಸುವುದಕ್ಕೆ ಹೊಲ ದೊರೆಯುವುದು ಮಾತ್ರ ಕಷ್ಟವಾಗಿದೆ. ಉಣ್ಣೆಗೆ ಬೆಲೆ ಕುಸಿದು, ಕೆಲವೆಡೆ ಕತ್ತರಿಸುವ ಕೂಲಿಯೂ ಹುಟ್ಟದಾಗ, ಉಣ್ಣೆಯಿಲ್ಲದ ಕೂದಲುಕುರಿಯ ಕಡೆಗೆ ಮನಸ್ಸು ಹರಿಯುವುದು. ತೆಲುಗು ನಾಡಿನಲ್ಲಿ ನೆಲ್ಲೂರು ಜಾತಿಯ ಕುರಿಯು ದಖ್ಖಣಿಯ ಸ್ಥಳವನ್ನು ಹೀಗೆಯೇ ಬಹಳಮಟ್ಟಿಗೆ ಆಕ್ರಮಿಸಿತು. ೨೦೧೯ರ ಜಾನುವಾರು ಗಣತಿಯ ಪ್ರಕಾರ ಕರ್ಣಾಟಕದಲ್ಲಿ ಸುಮಾರು ೧ ಕೋಟಿ ೧೦ ಲಕ್ಷ ಕುರಿಗಳಿದ್ದುವು. ರಾಜ್ಯಗಳಲ್ಲಿ ಅದಕ್ಕೆ ಮೂರನೆಯ ಸ್ಥಾನ. ಕುರಿಯ ಸಂಖ್ಯೆ ಹೀಗೆ ಹೆಚ್ಚಾಗಿಯೇ ಇದೆ. ಕುಗ್ಗಿರುವುದು ಅದು ನಡೆಯುವ ದಾರಿ.

ಈ ನಾಲ್ಕು ತಾಲ್ಲೂಕುಗಳ ಗ್ರಾಮನಾಮಗಳಲ್ಲಿ ಕುರುಬರಹಳ್ಳಿ, ಗೊಲ್ಲರಹಟ್ಟಿ, ಕಾವಲು ಎಂಬ ಪದಗಳು ಇಂದಿಗೂ ಹೇರಳವಾಗಿ ದೊರೆಯುತ್ತವೆ. ಅವುಗಳಲ್ಲಿ ಯಾವ ಯಾವ ಕಾವಲಿನಲ್ಲಿ ಈಗಲೂ ಮಂದೆ ಮೇಯುತ್ತದೆ, ಯಾವುದು ಹೆಸರಿನಲ್ಲಿ ಮಾತ್ರ ಕಾವಲಾಗಿ ಉಳಿದಿದೆ ಎಂಬುದನ್ನು ಹಳ್ಳಿಯಿಂದ ಹಳ್ಳಿಗೆ ಸಂಗ್ರಹಿಸಿ, ಅದರೊಡನೆ ರೊಪ್ಪ, ತರುಬು, ದೋಟಿ, ಬೀಜದ ಟಗರು ಮೊದಲಾದ ವೃತ್ತಿಪದಗಳನ್ನೂ ಮುದುಕರು ಇರುವಾಗಲೇ ಬರೆದುಕೊಂಡರೆ, ಬೃಹತ್ಸಂಹಿತೆಯು ಬರೆಯದೆ ಬಿಟ್ಟ ಅಧ್ಯಾಯಕ್ಕೆ ಬೇಕಾದ ಸಾಮಗ್ರಿಯು ಒದಗುವುದು.